ದ್ವಾರಸಮುದ್ರವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಬಹುದೇ? – ಓದುಗರ ಪ್ರಶ್ನೆಗಳಿಗೆ ಉತ್ತರ

ಇತಿಹಾಸದ ಪಾಠಕ್ಕೆ ಕಂಪ್ಯೂಟರ್ ಸಿಮ್ಯುಲೇಶನ್‌ಗಳನ್ನು ಬಳಸಬಹುದೆಂದು ಕಳೆದ ಸಂಚಿಕೆಯಲ್ಲಿ ಬರೆದ ಸಣ್ಣ ಟಿಪ್ಪಣಿಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಹೆಚ್ಚಿನ ಪತ್ರಗಳು ಬಂದಿವೆ. ಹಳೆಯ ಕಾಲದ ಒಂದು ಊರಿನ ಬದುಕು, ಒಂದು ಬರಗಾಲ ಅಥವಾ ಒಂದು ಸಮುದ್ರಯಾನ ಹೇಗೆ ನಡೆದಿರಬಹುದು ಎಂಬುದನ್ನು ನಿಯಮಗಳ ರೂಪದಲ್ಲಿ ಬರೆದು, ಆ ನಿಯಮಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಓಡಿಸಿ, ಬಂದ ಫಲಿತಾಂಶವನ್ನು ದಾಖಲೆಗಳ ಪಕ್ಕದಲ್ಲಿಟ್ಟು ನೋಡುವ ಕೆಲಸಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ ಎಂಬುದಷ್ಟೇ ಆ ಟಿಪ್ಪಣಿಯ ಸಾರವಾಗಿತ್ತು. ಬಂದ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ತಲೆಬರಹದ ದ್ವಾರಸಮುದ್ರ ಎಂದರೆ ಹೊಯ್ಸಳರ ರಾಜಧಾನಿ, ಇಂದಿನ ಹಳೇಬೀಡು.

ಪ್ರಶ್ನೆ: ಇತಿಹಾಸ ಒಂದೇ ಸಲ ನಡೆಯುವಂಥದ್ದು. ಪ್ರಯೋಗಾಲಯದಲ್ಲಿ ಮಾಡುವಂತೆ ಅದನ್ನು ಇನ್ನೊಮ್ಮೆ ನಡೆಸಿ ನೋಡಲು ಬರುವುದಿಲ್ಲ. ಹೀಗಿರುವಾಗ ಯಾರೋ ಬರೆದ ನಿಯಮಗಳನ್ನು ಕಂಪ್ಯೂಟರಿಗೆ ತುಂಬಿ, ಅದು ಕೊಡುವ ಉತ್ತರವನ್ನು ಇತಿಹಾಸವೆಂದು ಮಕ್ಕಳಿಗೆ ಹೇಳುವುದು ಸರಿಯೇ?
– ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕಿ, ಹಾಸನ

ಉತ್ತರ: ಹಾಗೆ ಹೇಳಿದರೆ ಖಂಡಿತ ತಪ್ಪು. ಕಂಪ್ಯೂಟರ್ ಕೊಡುವ ಉತ್ತರ ಇತಿಹಾಸವಲ್ಲ. ನಾವು ಇತಿಹಾಸದ ಬಗ್ಗೆ ಹೇಳಿಕೊಂಡು ಬಂದಿರುವ ಒಂದು ವಿವರಣೆಗೆ ನಿಲ್ಲುವ ಶಕ್ತಿ ಇದೆಯೇ ಎಂಬುದನ್ನು ಪರೀಕ್ಷಿಸುವ ಸಾಧನ ಅದು. ಇದನ್ನು ಎರಡು ಉದಾಹರಣೆಗಳಿಂದ ನೋಡೋಣ.

ಪೆಸಿಫಿಕ್ ಸಾಗರದ ನಡುವೆ ಒಂದಕ್ಕೊಂದು ಸಾವಿರಾರು ಕಿಲೋಮೀಟರ್ ದೂರದಲ್ಲಿ ಚೆದುರಿರುವ ಪಾಲಿನೇಷ್ಯದ ದ್ವೀಪಗಳಿಗೆ ಮನುಷ್ಯರು ಹೇಗೆ ತಲುಪಿದರು ಎಂಬುದು ಹಳೆಯ ಚರ್ಚೆ. ದಿಕ್ಸೂಚಿಯಾಗಲಿ ನಕ್ಷೆಯಾಗಲಿ ಇಲ್ಲದ ಆ ಜನ ಅಷ್ಟು ದೂರದ ದ್ವೀಪಗಳನ್ನು ಉದ್ದೇಶಪೂರ್ವಕವಾಗಿ ಹುಡುಕಿಕೊಂಡು ಹೋಗಿರಲಾರರು, ಗಾಳಿಗೆ ಸಿಕ್ಕ ದೋಣಿಗಳು ಆಕಸ್ಮಿಕವಾಗಿ ತೇಲಿಹೋಗಿ ಅಲ್ಲಿ ಸೇರಿರಬೇಕು ಎಂದು ಆಂಡ್ರ್ಯೂ ಶಾರ್ಪ್ ಎಂಬ ವಿದ್ವಾಂಸರು 1956ರಲ್ಲಿ ವಾದಿಸಿದರು. ಕೇಳಲು ಸರಳವಾದ, ಅಲ್ಲಗಳೆಯಲು ಕಷ್ಟವಾದ ವಾದವಿದು, ಏಕೆಂದರೆ ನೀರಿನ ಮೇಲೆ ಹೋದವರ ಹೆಜ್ಜೆ ಗುರುತು ಉಳಿಯುವುದಿಲ್ಲ. ಲೆವಿಸನ್, ವಾರ್ಡ್ ಮತ್ತು ವೆಬ್ ಎಂಬ ಮೂವರು ಸಾಗರದ ಆಯಾ ಭಾಗದಲ್ಲಿ ಆಯಾ ತಿಂಗಳು ಬೀಸುವ ಗಾಳಿ ಮತ್ತು ಹರಿಯುವ ಪ್ರವಾಹಗಳ ದಾಖಲೆಯನ್ನು ಕಂಪ್ಯೂಟರಿಗೆ ಕೊಟ್ಟು, ಬೇರೆ ಬೇರೆ ದ್ವೀಪಗಳಿಂದ ದೋಣಿಗಳನ್ನು ಸುಮ್ಮನೆ ತೇಲಲು ಬಿಟ್ಟು ನೋಡಿದರು. ಅವರು 1973ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಲಕ್ಷಕ್ಕೂ ಹೆಚ್ಚು ಕಾಲ್ಪನಿಕ ಪಯಣಗಳನ್ನು ಓಡಿಸಿದರೂ ಹವಾಯಿ, ನ್ಯೂಜಿಲೆಂಡ್ ಮತ್ತು ಈಸ್ಟರ್ ದ್ವೀಪಗಳಿಗೆ ಬರಿದೇ ತೇಲಿಕೊಂಡು ತಲುಪುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಅಂದರೆ ಅಲ್ಲಿಗೆ ಹೋದವರು ದಿಕ್ಕು ಹಿಡಿದು ದೋಣಿ ನಡೆಸಿದವರು. ಮೂರು ವರ್ಷಗಳ ನಂತರ, 1976ರಲ್ಲಿ, ಹೋಕುಲೆಯಾ ಎಂಬ ಸಾಂಪ್ರದಾಯಿಕ ಮಾದರಿಯ ದೋಣಿ ಮೌ ಪಿಯಾಲುಗ್ ಎಂಬ ನಾವಿಕರ ಮಾರ್ಗದರ್ಶನದಲ್ಲಿ, ನಕ್ಷತ್ರ ಮತ್ತು ಅಲೆಗಳ ಗುರುತಿನ ಮೇಲೆಯೇ ಹವಾಯಿಯಿಂದ ತಾಹಿತಿಗೆ ಹೋಗಿ ಮುಟ್ಟಿತು. ಇಲ್ಲಿ ಸಿಮ್ಯುಲೇಶನ್ ಮಾಡಿದ ಕೆಲಸವನ್ನು ಗಮನಿಸಿ: ಯಾರು, ಯಾವಾಗ, ಏಕೆ ಹೊರಟರೆಂದು ಅದು ಹೇಳಲಿಲ್ಲ; ಹೀಗೆ ನಡೆದಿರಲಾರದು ಎಂಬುದನ್ನು ಮಾತ್ರ ಹೇಳಿತು. ಇತಿಹಾಸಕಾರರಿಗೆ ಅದೇ ದೊಡ್ಡ ಉಪಕಾರ.

ಎರಡನೆಯದು ಅಮೆರಿಕದ ಅರಿಜೋನಾ ರಾಜ್ಯದ ಲಾಂಗ್ ಹೌಸ್ ಕಣಿವೆಯದು. ಮೆಕ್ಕೆಜೋಳ ಬೆಳೆದು ಬದುಕುತ್ತಿದ್ದ ಅಲ್ಲಿನ ಮೂಲನಿವಾಸಿ ಸಮುದಾಯ ಸುಮಾರು ಕ್ರಿ.ಶ. 1300ರ ಹೊತ್ತಿಗೆ ಕಣಿವೆಯನ್ನು ಪೂರ್ತಿಯಾಗಿ ತೊರೆದುಹೋಯಿತು. ಕಾರಣ ಬರಗಾಲ ಎಂಬುದು ಬಹುಕಾಲದ ವಿವರಣೆ. ಮರಗಳ ಕಾಂಡದೊಳಗಿನ ವರ್ಷದ ಉಂಗುರಗಳಿಂದ ಆ ಶತಮಾನಗಳ ಮಳೆಯ ಅಂದಾಜು ತಿಳಿಯುತ್ತದೆ. ಉತ್ಖನನ ಮತ್ತು ಸಮೀಕ್ಷೆಗಳಿಂದ ಯಾವ ಕಾಲದಲ್ಲಿ ಎಷ್ಟು ಮನೆಗಳಿದ್ದವೆಂದು ತಿಳಿಯುತ್ತದೆ. ಈ ಎರಡನ್ನೂ ಇಟ್ಟುಕೊಂಡು ಸಂಶೋಧಕರ ತಂಡವೊಂದು ಕ್ರಿ.ಶ. 800ರಿಂದ 1350ರವರೆಗಿನ ಕಣಿವೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಪ್ರತಿಯೊಂದು ಕುಟುಂಬಕ್ಕೂ ಹೊಲ ಆರಿಸುವ, ಕಾಳು ಕೂಡಿಡುವ, ಕಾಳು ಸಾಲದಿದ್ದರೆ ಬೇರೆಡೆಗೆ ಹೋಗುವ ನಿಯಮಗಳನ್ನು ಕೊಟ್ಟಿತು. 2002ರಲ್ಲಿ ಪ್ರಕಟವಾದ ಈ ಮಾದರಿಯಲ್ಲಿ ಜನಸಂಖ್ಯೆಯ ಏರಿಳಿತ ನಿಜವಾದ ಏರಿಳಿತಕ್ಕೆ ಬಹಳ ಮಟ್ಟಿಗೆ ಹೊಂದಿತು. ಕೊನೆಯಲ್ಲಿ ಮಾತ್ರ ಹೊಂದಲಿಲ್ಲ: ಕಂಪ್ಯೂಟರಿನ ಕಣಿವೆಯಲ್ಲಿ ಒಂದಷ್ಟು ಕುಟುಂಬಗಳು ಉಳಿದುಕೊಂಡವು, ನಿಜವಾದ ಕಣಿವೆಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಕಡಿಮೆ ಜನಕ್ಕಾದರೂ ಸಾಕಾಗುವಷ್ಟು ನೆಲ ಇನ್ನೂ ಕಾಳು ಕೊಡುತ್ತಿದ್ದರೂ ಎಲ್ಲರೂ ಹೋದರೆಂದರೆ, ಮಳೆಯ ಲೆಕ್ಕಕ್ಕೆ ಸಿಗದ ಇನ್ನೇನೋ ಕಾರಣ ಇದ್ದಿರಲೇಬೇಕು. ನನ್ನ ಮಟ್ಟಿಗೆ ಈ ಮಾದರಿಯ ಬೆಲೆ ಇರುವುದು ಅದು ಹೊಂದಿದ ಕಡೆಗಿಂತ ಹೊಂದದೇ ಹೋದ ಈ ಜಾಗದಲ್ಲಿ.

ಮಕ್ಕಳಿಗೆ ಪಾಠ ಮಾಡುವಾಗಲೂ ಇದೇ ಕ್ರಮ ಒಳ್ಳೆಯದು. 'ಕಂಪ್ಯೂಟರ್ ಏನು ಹೇಳಿತು' ಎಂದು ಕೇಳುವ ಬದಲು 'ದಾಖಲೆಗೂ ಇದಕ್ಕೂ ಎಲ್ಲಿ ತಾಳೆಯಾಗಲಿಲ್ಲ, ನಮ್ಮ ಯಾವ ನಿಯಮ ಅದಕ್ಕೆ ಕಾರಣ' ಎಂದು ಕೇಳಿ.

ಪ್ರಶ್ನೆ: ಹಳೆಯ ದೇವಸ್ಥಾನಗಳನ್ನು, ಕೋಟೆಗಳನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮಗಳ ಚಿತ್ರವಾಗಿ ಮತ್ತೆ ಕಟ್ಟಿ ತೋರಿಸುತ್ತಾರಲ್ಲ, ಅದೂ ಸಿಮ್ಯುಲೇಶನ್ನೇ ಅಲ್ಲವೇ? ನಮ್ಮ ಬೇಲೂರು, ಹಳೇಬೀಡಿಗೆ ಅದನ್ನು ಮಾಡಿದರೆ ಪ್ರವಾಸಿಗರಿಗೂ ಮಕ್ಕಳಿಗೂ ಅನುಕೂಲವಾಗುವುದಿಲ್ಲವೇ?
– ಓದುಗರು, ಬೇಲೂರು

ಉತ್ತರ: ಅನುಕೂಲವಾಗುತ್ತದೆ, ಆದರೆ ಅದು ಬೇರೆ ವಿದ್ಯೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಹಂಪಿಯ ಸ್ಮಾರಕಗಳಿಗೆ ಇಂಥ ಡಿಜಿಟಲ್ ರೂಪ ಕೊಡುವ ಕೆಲಸ ನಡೆದಿದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಲ್ಲಿಯೂ ಅದಕ್ಕೆ ಬೇಡಿಕೆ ಬರುವುದು ಸಹಜ. ಮೂರು ಆಯಾಮಗಳ ಚಿತ್ರ ಒಂದು ಕಟ್ಟಡ ಹೇಗೆ ಕಾಣುತ್ತಿತ್ತು ಎಂದು ತೋರಿಸುತ್ತದೆ. ಸಿಮ್ಯುಲೇಶನ್ ಒಂದು ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಎಂದು ಲೆಕ್ಕ ಹಾಕುತ್ತದೆ. ಅದರಲ್ಲಿ ಚಿತ್ರವೇ ಇರಬೇಕೆಂದಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಹೊಯ್ಸಳೇಶ್ವರ ದೇವಾಲಯಕ್ಕೆ ಇಂದು ಶಿಖರವಿಲ್ಲ. ಚಿತ್ರಕಾರರು ಬೇರೆ ಹೊಯ್ಸಳ ಗುಡಿಗಳನ್ನು ನೋಡಿ ಒಂದು ಶಿಖರ ಕೂರಿಸಿದರೆ ಅದು ಕಲ್ಲಿನ ಗೋಡೆಯಷ್ಟೇ ಖಚಿತವಾಗಿ ತೆರೆಯ ಮೇಲೆ ಕಾಣುತ್ತದೆ. ಯಾವುದು ಇರುವುದು, ಯಾವುದು ಊಹೆ ಎಂಬ ಭೇದ ನೋಡುವವರಿಗೆ ತಿಳಿಯದೇ ಹೋಗುತ್ತದೆ. ಊಹಿಸಿದ ಭಾಗಗಳನ್ನು ಬೇರೆ ಬಣ್ಣದಲ್ಲಿ ತೋರಿಸುವ ಚಿತ್ರವಾದರೆ ಮಾತ್ರ ತರಗತಿಗೆ ತನ್ನಿ.

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ. ದಿನವೂ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳಲ್ಲಿ ಮುಳುಗಿರುತ್ತಾನೆ. ಗದರಿದರೆ, 'ಅಮ್ಮ, ನಾನು ಇತಿಹಾಸ ಕಲಿಯುತ್ತಿದ್ದೇನೆ' ಎನ್ನುತ್ತಾನೆ. ನಂಬಬಹುದೇ?
– ತಾಯಿ, ಚಿಕ್ಕಮಗಳೂರು

ಉತ್ತರ: ಅರ್ಧ ನಂಬಬಹುದು. ಪರೀಕ್ಷೆ ಹತ್ತಿರವಿದ್ದರೆ ಅಷ್ಟೂ ಬೇಡ.

ಇಂಥ ಆಟಗಳು ಹುಟ್ಟಿದ್ದು ತರಗತಿಯಲ್ಲೇ ಎಂಬುದು ಬಹಳ ಜನರಿಗೆ ತಿಳಿದಿಲ್ಲ. 1960ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕಿ ಮೇಬಲ್ ಅಡಿಸ್ ಅವರು ಐಬಿಎಂ ಕಂಪನಿಯ ಸಹಕಾರದೊಂದಿಗೆ ಮೆಸೊಪೊಟೇಮಿಯಾದ ಲಗಾಶ್ ನಗರದ ಅರಸನಾಗಿ ಆಡುವ ಒಂದು ಆಟವನ್ನು ರಚಿಸಿದರು. ಸುಗ್ಗಿಯ ಕಾಳಿನಲ್ಲಿ ಜನರಿಗೆ ಊಟಕ್ಕೆ ಎಷ್ಟು, ಬಿತ್ತನೆಗೆ ಎಷ್ಟು, ಕಣಜಕ್ಕೆ ಎಷ್ಟು ಎಂದು ವಿದ್ಯಾರ್ಥಿ ನಿರ್ಧರಿಸಬೇಕು. ತಪ್ಪಿದರೆ ಮುಂದಿನ ವರ್ಷ ಪ್ರಜೆಗಳು ಹಸಿದಿರುತ್ತಾರೆ. 1971ರಲ್ಲಿ ಮಿನ್ನೆಸೋಟದ ಮೂವರು ತರುಣ ಶಿಕ್ಷಕರು 19ನೆಯ ಶತಮಾನದ ವಲಸೆಗಾರರ ಬಂಡಿ ಪಯಣವನ್ನು ಆಧರಿಸಿ ಓರೆಗಾನ್ ಟ್ರೇಲ್ ಎಂಬ ಆಟ ಬರೆದರು. ಅವರಲ್ಲೊಬ್ಬರಾದ ಡಾನ್ ರಾವಿಟ್ಷ್ ಮುಂದೆ ಆ ವಲಸೆಗಾರರ ದಿನಚರಿಗಳನ್ನು ಓದಿ, ದಾರಿಯಲ್ಲಿ ಕಾಯಿಲೆ, ಮಳೆ, ಬಂಡಿ ಮುರಿಯುವುದು ಇತ್ಯಾದಿ ಎಷ್ಟು ಸಲ ನಡೆಯುತ್ತಿತ್ತೋ ಅದಕ್ಕೆ ತಕ್ಕಂತೆ ಆಟದ ಸಂಭವಗಳನ್ನು ತಿದ್ದಿದರು. ನಿಯಮವೊಂದನ್ನು ದಾಖಲೆಗೆ ಕಟ್ಟಿಹಾಕುವುದೆಂದರೆ ಇದು. ಆದರೂ ಆ ಆಟದಲ್ಲಿ ಆಡುವವನು ಯಾವಾಗಲೂ ವಲಸೆಗಾರ. ಬಂಡಿಗಳು ಯಾರ ನೆಲದ ಮೇಲೆ ಹಾದುಹೋದವೋ ಆ ಮೂಲನಿವಾಸಿಗಳ ಕಡೆಯಿಂದ ಅದೇ ಪಯಣ ಹೇಗಿತ್ತೆಂದು ಆಟ ಕೇಳುವುದೇ ಇಲ್ಲ ಎಂಬ ಆಕ್ಷೇಪ ಇದೆ, ಅದು ನ್ಯಾಯವಾದ ಆಕ್ಷೇಪ.

ನಿಮ್ಮ ಮಗ ಆಡುವುದು ಬಹುಶಃ 1991ರಲ್ಲಿ ಬಂದ ಸಿವಿಲೈಸೇಶನ್ ಅಥವಾ ಅದರ ಸಂತತಿಯ ಆಟ. ಅದರಲ್ಲಿ ಭಾರತದ ನಾಯಕರಾಗಿ ಬರುವ ಗಾಂಧೀಜಿಯವರು ತಂತ್ರಾಂಶದ ಲೋಪದಿಂದ ಅಣುಬಾಂಬ್ ಪ್ರಿಯರಾದರೆಂಬ ಕಥೆಯನ್ನು ಅವನೂ ಹೇಳಿರಬಹುದು. ಅಂಥ ಲೋಪ ಮೊದಲ ಆಟದಲ್ಲಿ ಇರಲಿಲ್ಲವೆಂದು ನಿರ್ಮಾತೃ ಸಿಡ್ ಮೇಯರ್ ಅವರೇ 2020ರಲ್ಲಿ ಹೇಳಿದ್ದಾರೆ. ಅದಕ್ಕಿಂತ ಯೋಚಿಸಬೇಕಾದ ಸಂಗತಿ ಬೇರೆಯದು. ಆ ಆಟದಲ್ಲಿ 'ಭಾರತ' ಎಂಬ ಒಂದೇ ದೇಶ ಕ್ರಿಸ್ತಪೂರ್ವ 4000ದಿಂದ ಬಾಹ್ಯಾಕಾಶ ಯುಗದವರೆಗೆ ಒಬ್ಬನೇ ನಾಯಕನ ಕೈಯಲ್ಲಿ, ಒಂದೇ ಗುರಿಯತ್ತ ಸಾಗುತ್ತದೆ. ಕದಂಬರು, ಗಂಗರು, ಹೊಯ್ಸಳರು, ಸೇವುಣರು ಒಬ್ಬರೊಡನೊಬ್ಬರು ಕಾದಾಡಿದ ನೆಲದವರಿಗೆ ಇದು ತೀರ ವಿಚಿತ್ರವಾಗಿ ಕಾಣಬೇಕು. ಮಗನನ್ನು ಗದರುವ ಬದಲು ಊಟದ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಿ: 'ಈ ಆಟದಲ್ಲಿ ಗೆಲ್ಲಲು ಏನು ಮಾಡಬೇಕು, ಅದನ್ನು ತೀರ್ಮಾನಿಸಿದವರು ಯಾರು?' ಅವನು ಉತ್ತರಿಸಲು ಹೊರಟರೆ ನಿಜವಾಗಿ ಏನೋ ಕಲಿತಿದ್ದಾನೆ ಎಂದರ್ಥ.

ಪ್ರಶ್ನೆ: ನಮ್ಮದು ಗ್ರಾಮಾಂತರ ಸರ್ಕಾರಿ ಪ್ರೌಢಶಾಲೆ. ಕೆಲಸ ಮಾಡುವ ಕಂಪ್ಯೂಟರ್ ಇರುವುದು ಒಂದೇ, ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ವಿದೇಶದ ಉದಾಹರಣೆಗಳನ್ನು ಬಿಟ್ಟು, ನಮ್ಮ ಜಿಲ್ಲೆಯದೇ ವಿಷಯವನ್ನು ನಾವೇ ಸಿಮ್ಯುಲೇಶನ್ ಮಾಡುವುದು ಸಾಧ್ಯವೇ?
– ಶಿಕ್ಷಕರು, ಅರಸೀಕೆರೆ ತಾಲ್ಲೂಕು

ಉತ್ತರ: ಸಾಧ್ಯ, ಮತ್ತು ನೀವು ಕೇಳಿದ ಬಗೆಯೇ ಸರಿಯಾದದ್ದು. ಸಿದ್ಧ ಸಿಮ್ಯುಲೇಶನ್ ಒಂದನ್ನು ಮಕ್ಕಳ ಮುಂದೆ ಓಡಿಸಿ ತೋರಿಸುವುದಕ್ಕಿಂತ, ಒರಟಾಗಿಯಾದರೂ ಒಂದನ್ನು ಅವರಿಂದಲೇ ಕಟ್ಟಿಸಿದರೆ ಲಾಭ ಹೆಚ್ಚು. ನಿಯಮ ಬರೆಯುವಾಗ ಪ್ರತಿಯೊಂದಕ್ಕೂ 'ಇದು ನಮಗೆ ಹೇಗೆ ಗೊತ್ತು' ಎಂಬ ಪ್ರಶ್ನೆ ಎದುರಾಗುತ್ತದೆ. ಯಂತ್ರದ ಚಿಂತೆ ಬೇಡ. ನಗರಗಳಲ್ಲಿ ಜನಾಂಗವಾರು ಬಡಾವಣೆಗಳು ಹೇಗೆ ಬೇರ್ಪಡುತ್ತವೆ ಎಂಬುದನ್ನು ವಿವರಿಸುವ ಪ್ರಸಿದ್ಧ ಮಾದರಿಯನ್ನು ಥಾಮಸ್ ಶೆಲ್ಲಿಂಗ್ ಅವರು 1971ರಲ್ಲಿ ಮಂಡಿಸಿದಾಗ, ಚೌಕಳಿ ಹಾಳೆಯ ಮೇಲೆ ನಾಣ್ಯಗಳನ್ನು ಜರುಗಿಸಿಯೇ ಅದನ್ನು ಮಾಡಿ ನೋಡಬಹುದಿತ್ತು. ನಿಮಗೂ ಹಾಳೆ, ಪೆನ್ಸಿಲ್ ಮತ್ತು ದಾಳ ಇದ್ದರೆ ಅರ್ಧ ಕೆಲಸ ಆಗುತ್ತದೆ. ಕಂಪ್ಯೂಟರಿನಲ್ಲಿ ಲಿಬ್ರೆಆಫೀಸ್‌ನಂಥ ಉಚಿತ ಸ್ಪ್ರೆಡ್‌ಶೀಟ್ ಸಾಕು. ಮುಂದೆ ಉತ್ಸಾಹ ಬಂದರೆ ಇಂಥ ಮಾದರಿಗಳನ್ನು ಕಟ್ಟಲೆಂದೇ ಇರುವ ನೆಟ್‌ಲೋಗೊ ಎಂಬ ತಂತ್ರಾಂಶವೂ ಉಚಿತವಾಗಿ ಸಿಗುತ್ತದೆ.

ವಿಷಯಕ್ಕೆ 1876–78ರ ಬರವನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಧಾತು ಮತ್ತು ಈಶ್ವರ ಸಂವತ್ಸರಗಳ ಆ ಬರದ ಮೊದಲು, 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.55 ಲಕ್ಷ ಇತ್ತು. 1881ರ ಗಣತಿಯಲ್ಲಿ ಅದು 41.86 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ಸಂಖ್ಯೆ ಸುಮಾರು 8.7 ಲಕ್ಷ ಕುಗ್ಗಿತು. ಇಷ್ಟೂ ಜನ ಹಸಿವಿನಿಂದಲೇ ಸತ್ತರು ಎಂದು ಮಕ್ಕಳು ತಕ್ಷಣ ಬರೆದುಬಿಡುತ್ತಾರೆ. ಸಾವು, ಊರು ಬಿಟ್ಟು ಹೋದವರು, ಬರದ ವರ್ಷಗಳಲ್ಲಿ ಹುಟ್ಟದೇ ಹೋದ ಮಕ್ಕಳು ಇವೆಲ್ಲ ಆ ಇಳಿಕೆಯಲ್ಲಿ ಸೇರಿವೆ. ಇನ್ನೊಂದು ಕಡೆ, 1871ರಿಂದ 1876ರವರೆಗೆ ಏರಿರಬಹುದಾದ ಸಂಖ್ಯೆಯೂ ಆ ಲೆಕ್ಕದಲ್ಲಿ ಮುಚ್ಚಿಹೋಗಿದೆ ಎಂದು ಹೇಳಿಕೊಡಿ.

ಈಗ ಒಂದು ಕಲ್ಪಿತ ಬಯಲುಸೀಮೆಯ ಊರು ಮಾಡಿ. ನೂರು ಮನೆ ಇರಲಿ. ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಒಂದು ಮನೆ: ಎಷ್ಟು ಹೊಲ, ಕೆರೆಯ ಕೆಳಗೆ ಗದ್ದೆ ಇದೆಯೇ, ಹಗೇವಿನಲ್ಲಿ ಎಷ್ಟು ರಾಗಿ, ಎಷ್ಟು ದನ, ಮನೆಯಲ್ಲಿ ಎಷ್ಟು ಬಾಯಿ. ಹದಿನೈದು ಮನೆಗಳಿಗೆ ಗದ್ದೆ, ಐವತ್ತು ಮನೆಗಳಿಗೆ ಬರಿಯ ಮಳೆಯಾಶ್ರಿತ ಹೊಲ, ಉಳಿದ ಮೂವತ್ತೈದು ಮನೆಗಳು ಕೂಲಿಯವರು ಮತ್ತು ನೇಕಾರರು ಎಂದಿಟ್ಟುಕೊಳ್ಳಿ. ಇವು ಅಭ್ಯಾಸಕ್ಕಾಗಿ ಇಟ್ಟ ಅಂಕಿಗಳು ಎಂದು ಹಾಳೆಯ ತಲೆಯಲ್ಲೇ ಬರೆಸಿ. ದಾಳ ಎಸೆದು ವರ್ಷದ ಮಳೆ ನಿರ್ಧರಿಸಿ. ಮಳೆಯಿಂದ ಬೆಳೆ, ಬೆಳೆಯಿಂದ ದಾಸ್ತಾನು, ಊರಿನ ಒಟ್ಟು ದಾಸ್ತಾನಿನಿಂದ ಪೇಟೆಯ ಬೆಲೆ ಬರುವಂತೆ ಸೂತ್ರ ಹಾಕಿ. ಬೆಳೆ ಇಲ್ಲದ ವರ್ಷ ಕೂಲಿ ಕೆಲಸವೂ ಇಲ್ಲ, ಬಟ್ಟೆ ಕೊಳ್ಳುವವರೂ ಇಲ್ಲ. ಇಲ್ಲಿ ಒಂದು ಸಂಗತಿ ಹೊರಬರುತ್ತದೆ: ಊರಿನ ಒಟ್ಟು ರಾಗಿಯನ್ನು ಎಳ್ಳಷ್ಟೂ ಬದಲಿಸದೆ ಅದು ಯಾರ ಹಗೇವಿನಲ್ಲಿದೆ ಎಂಬುದನ್ನಷ್ಟೇ ಬದಲಿಸಿದರೂ ಹಸಿಯುವ ಮನೆಗಳ ಸಂಖ್ಯೆ ಬದಲಾಗುತ್ತದೆ. ಕಾಳು ಇಲ್ಲದಿರುವುದು ಬೇರೆ, ಕಾಳು ಕೊಳ್ಳಲಾಗದಿರುವುದು ಬೇರೆ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 1943ರ ಬಂಗಾಳದ ಕ್ಷಾಮವನ್ನು ಅಧ್ಯಯನ ಮಾಡಿ ತೋರಿಸಿದ ಮಾತಿನ ಹತ್ತಿರಕ್ಕೆ ಒಂಬತ್ತನೆಯ ತರಗತಿಯ ಮಕ್ಕಳು ತಾವಾಗಿ ಬರುತ್ತಾರೆ. ಸೇನ್ ಅವರ ಹೆಸರನ್ನು ಆಮೇಲೆ ಹೇಳಿದರೆ ಸಾಕು.

ಎರಡನೆಯ ಹಂತದಲ್ಲಿ ಹೊರಗಿನಿಂದ ಕಾಳು ತನ್ನಿ. ಮದರಾಸಿನಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಆದರೆ ಬರದ ಹೊತ್ತಿನಲ್ಲಿ ಬೆಂಗಳೂರಿನಿಂದ ಹಾಸನದ ಕಡೆಗೆ ರೈಲಿರಲಿಲ್ಲ. ಎತ್ತಿನ ಗಾಡಿಯೇ ಗತಿ. (ಚಿಕ್ಕಮಗಳೂರು ನಗರಕ್ಕಂತೂ ಕಡೂರಿನಿಂದ ರೈಲು ಬಂದದ್ದು 2013ರಲ್ಲಿ.) ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿಲೋಮೀಟರ್. ಗಾಡಿ ದಿನಕ್ಕೆ 20 ಕಿಲೋಮೀಟರ್ ನಡೆಯುತ್ತದೆ, 500 ಕಿಲೋ ಹೊರುತ್ತದೆ, ಒಂದು ಎತ್ತು ದಿನಕ್ಕೆ 10 ಕಿಲೋ ಒಣ ಮೇವು ತಿನ್ನುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಒಳ್ಳೆಯ ವರ್ಷದಲ್ಲಿ ಎತ್ತುಗಳು ದಾರಿಬದಿಯ ಹುಲ್ಲು ಮೇಯುತ್ತವೆ, ಗಾಡಿಯ ತುಂಬ ಕಾಳು ಹೋಗುತ್ತದೆ. ಬರದ ವರ್ಷದಲ್ಲಿ ದಾರಿಯಲ್ಲಿ ಹುಲ್ಲಿಲ್ಲ. ಹೋಗಲು ಒಂಬತ್ತು ದಿನ, ಬರಲು ಒಂಬತ್ತು ದಿನ, ಎರಡು ಎತ್ತಿಗೆ ದಿನಕ್ಕೆ 20 ಕಿಲೋದಂತೆ 360 ಕಿಲೋ ಮೇವು ಗಾಡಿಯಲ್ಲೇ ಹೋಗಬೇಕು. ಗಾಡಿಯವನ ಹೊಟ್ಟೆಗೆ ಒಂದಿಪ್ಪತ್ತು ಕಿಲೋ ಬಿಟ್ಟರೆ ಹಾಸನದಲ್ಲಿ ಇಳಿಯುವುದು ಸುಮಾರು 120 ಕಿಲೋ. ತಲೆಗೆ ದಿನಕ್ಕೆ ಅರ್ಧ ಕಿಲೋದಂತೆ ಐವರ ಒಂದು ಕುಟುಂಬಕ್ಕೆ ಅದು 48 ದಿನದ ಊಟ. ಇನ್ನೂ ಪಶ್ಚಿಮಕ್ಕೆ ಹೋದಷ್ಟೂ ಗಾಡಿ ಬರಿದಾಗುತ್ತ ಹೋಗಿ, ಒಂದು ದೂರದಾಚೆ ಅದು ತನ್ನ ಎತ್ತುಗಳಿಗೆ ಮೇವು ಹೊರುವುದನ್ನು ಬಿಟ್ಟು ಬೇರೇನನ್ನೂ ಮಾಡಲಾರದು.

ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಕ್ಕಳಿಂದಲೇ ಮಾಡಿಸಿ. ಬರದಲ್ಲಿ ಮನುಷ್ಯರಿಗಿಂತ ಮೊದಲು ದನಗಳು ಸತ್ತದ್ದು ಏಕೆ ಇಷ್ಟು ದೊಡ್ಡ ಆಪತ್ತಾಯಿತು, ಬೆಂಗಳೂರು–ಮೈಸೂರು ರೈಲು ಮಾರ್ಗವನ್ನು ಬರಪರಿಹಾರದ ಕಾಮಗಾರಿಯಾಗಿ ಏಕೆ ಕೈಗೆತ್ತಿಕೊಂಡರು ಎಂಬ ಪಠ್ಯಪುಸ್ತಕದ ಒಣ ವಾಕ್ಯಗಳಿಗೆ ಆಗ ಅರ್ಥ ಬರುತ್ತದೆ. ರೋಮನ್ ಸಾಮ್ರಾಜ್ಯದ ಸಾಗಣೆಯ ಕಾಲ ಮತ್ತು ವೆಚ್ಚವನ್ನು ಲೆಕ್ಕ ಹಾಕುವ ಓರ್ಬಿಸ್ ಎಂಬ ಮಾದರಿಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಹೊರತಂದರು. ನೆಲದ ಮೇಲಿನ ಗಾಡಿ ಸಾಗಣೆ ಸಮುದ್ರ ಸಾಗಣೆಗಿಂತ ಎಷ್ಟೋ ಪಟ್ಟು ದುಬಾರಿ ಎಂಬ ಅದರ ಸಾರವನ್ನೇ ನಿಮ್ಮ ಮಕ್ಕಳು ಒಂದು ಜೋಡಿ ಎತ್ತಿನಿಂದ ಕಂಡುಕೊಂಡಿರುತ್ತಾರೆ.

ಒಂದು ಮಾತು ಮಾತ್ರ ನೆನಪಿಡಿ. ಸಾವಿನ ಸಂಖ್ಯೆಯನ್ನು ಅಂಕವಾಗಿ ಮಾಡಬೇಡಿ, ಗೆದ್ದವರು ಸೋತವರು ಎಂದು ಗುಂಪು ಕಟ್ಟಬೇಡಿ. ಯಾವ ಮಗುವಿಗೂ ಅದರ ಸ್ವಂತ ಮನೆತನವನ್ನೋ ಜಾತಿಯನ್ನೋ ನೆನಪಿಸುವ ಪಾತ್ರ ಕೊಡಬೇಡಿ. ಮನೆಗಳಿಗೆ ಅಂಕಿಗಳಷ್ಟೇ ಇರಲಿ, ಚೀಟಿ ಎತ್ತಿ ಹಂಚಿ.

ಪ್ರಶ್ನೆ: ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ ದಂಡೆತ್ತಿ ಬರದೇ ಇದ್ದಿದ್ದರೆ ಹೊಯ್ಸಳ ರಾಜ್ಯ ಉಳಿಯುತ್ತಿತ್ತೇ? ಕಂಪ್ಯೂಟರ್ ಇದನ್ನು ಹೇಳಬಲ್ಲದೇ?
– ಪದವಿ ವಿದ್ಯಾರ್ಥಿ, ಹಳೇಬೀಡು

ಉತ್ತರ: ಹೇಳಲಾರದು. 1311ರಲ್ಲಿ ದೆಹಲಿ ಸುಲ್ತಾನ ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ಕಾಫರ್ ಬಂದಾಗ ಹೊಯ್ಸಳ ದೊರೆ ಮೂರನೆಯ ಬಲ್ಲಾಳ ಪಾಂಡ್ಯ ಸಹೋದರರ ಕಲಹದ ಲಾಭ ಪಡೆಯಲು ದಕ್ಷಿಣಕ್ಕೆ ಹೋಗಿದ್ದ. ಅವನು ರಾಜಧಾನಿಯಲ್ಲೇ ಇದ್ದಿದ್ದರೆ ಎಂಬ ಒಂದು 'ರೆ'ಯನ್ನು ಸೇರಿಸಿದರೆ ಪಾಂಡ್ಯರ, ಸೇವುಣರ, ದೆಹಲಿಯ ನಿರ್ಧಾರಗಳೂ ಬದಲಾಗುತ್ತವೆ; ಪ್ರತಿಯೊಂದಕ್ಕೂ ನಾವೇ ಒಂದು ನಿಯಮ ಊಹಿಸಬೇಕಾಗುತ್ತದೆ. ಕೊನೆಗೆ ಕಂಪ್ಯೂಟರ್ ನಮ್ಮ ಊಹೆಯನ್ನೇ ನಮಗೆ ಓದಿ ಹೇಳುತ್ತದೆ, ಅಷ್ಟೆ. ಮೇಲಾಗಿ 1311ರ ದಾಳಿಯಿಂದ ರಾಜ್ಯ ಅಳಿಯಲಿಲ್ಲ. 1327ರ ಸುಮಾರಿಗೆ ತುಘಲಕರ ಸೈನ್ಯ ಮತ್ತೆ ಬಂದು ರಾಜಧಾನಿಯನ್ನು ಹಾಳುಗೆಡವಿದ ಮೇಲೂ ಬಲ್ಲಾಳ ತಿರುವಣ್ಣಾಮಲೈಯಿಂದ ಆಳುತ್ತ ಹೋರಾಡಿದ. 1342–43ರಲ್ಲಿ ಮಧುರೆಯ ಸುಲ್ತಾನರೊಡನೆ ನಡೆದ ಯುದ್ಧದಲ್ಲಿ ಅವನ ಅಂತ್ಯವಾಯಿತು.

ಕಂಪ್ಯೂಟರಿಗೆ ಕೇಳಬಹುದಾದ ಪ್ರಶ್ನೆ ನಿಮ್ಮ ಊರಿನಲ್ಲೇ ಇದೆ. ಹಳೇಬೀಡು ಇರುವುದು ಮಲೆನಾಡಿನ ಮಳೆ ತಲುಪದ ಬದಿಯಲ್ಲಿ. ಸಕಲೇಶಪುರದಲ್ಲಿ ಸುರಿಯುವ ಮಳೆಯ ಒಂದು ಪಾಲಷ್ಟೇ ಅಲ್ಲಿಗೆ ದಕ್ಕುತ್ತದೆ. ಅರಮನೆ, ದಂಡು, ಶಿಲ್ಪಿಗಳು, ವರ್ತಕರು, ನೂರಾರು ಬಸದಿ ಗುಡಿಗಳಿದ್ದವೆನ್ನುವ ಒಂದು ರಾಜಧಾನಿ ಅಂಥ ಜಾಗದಲ್ಲಿ ಉಣ್ಣುವುದಕ್ಕೆ ಏನು ಮಾಡುತ್ತಿತ್ತು? ದೊಡ್ಡ ಕೆರೆ ಇತ್ತು. ಯಗಚಿಯ ನೀರನ್ನು ಅದರ ಕಡೆಗೆ ತಿರುಗಿಸುವ ರಣಘಟ್ಟದ ಹೆಸರು ರೈತರ ಹೋರಾಟದಿಂದಾಗಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೆರೆಯ ವಿಸ್ತೀರ್ಣವನ್ನು ನಕ್ಷೆಯಿಂದ ಅಳೆಯಬಹುದು, ಏರಿಯ ಎತ್ತರವನ್ನು ನಿಂತು ನೋಡಬಹುದು, ತೂಬಿನ ಕೆಳಗಿನ ಅಚ್ಚುಕಟ್ಟನ್ನು ಕಂದಾಯ ದಾಖಲೆಗಳಿಂದ ಅಂದಾಜು ಮಾಡಬಹುದು. ಮಳೆ, ಆವಿಯಾಗುವ ನೀರು, ಕೋಡಿ ಬೀಳುವ ನೀರು, ಭತ್ತಕ್ಕೆ ಬೇಕಾಗುವ ನೀರು ಇವನ್ನು ತಿಂಗಳು ತಿಂಗಳು ಓಡಿಸಿದರೆ, ಕಾಲುವೆ ಇದ್ದಾಗ ಎಷ್ಟು ಜನಕ್ಕೆ, ಇಲ್ಲದಾಗ ಎಷ್ಟು ಜನಕ್ಕೆ ಅನ್ನ ಎಂಬ ಒಂದು ವ್ಯಾಪ್ತಿ ಸಿಗುತ್ತದೆ. ಕೆರೆಯೊಂದೇ ಪಟ್ಟಣವನ್ನು ಸಾಕಲಾರದು ಎಂದು ಬಂದರೆ ಉಳಿದ ಕಾಳು ಎಲ್ಲಿಂದ, ಯಾವ ಸುಂಕದ ದಾರಿಯಲ್ಲಿ ಬರುತ್ತಿತ್ತೆಂದು ಹುಡುಕಬೇಕಾಗುತ್ತದೆ. ಪಟ್ಟಣವೊಂದು ದಾಳಿಯ ನಂತರ ಮತ್ತೆ ಚೇತರಿಸಿಕೊಳ್ಳದೇ ಇದ್ದದ್ದಕ್ಕೂ ಒಡೆದ ಕಾಲುವೆಗೂ ಸಂಬಂಧವಿತ್ತೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಸ್ನಾತಕೋತ್ತರ ಪದವಿಗೆ ಹೋಗುವುದಾದರೆ ಇದನ್ನು ಕೈಗೆತ್ತಿಕೊಳ್ಳಿ.

ಪ್ರಶ್ನೆ: ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಲ್ಲಿ ನಾಟ್ಯರಾಣಿ ಶಾಂತಲೆಯೊಡನೆ 'ಮಾತಾಡಬಹುದು' ಎನ್ನುತ್ತಾರೆ. ತರಗತಿಯಲ್ಲಿ ಬಳಸಬಹುದೇ?
– ಓದುಗರು, ಸಕಲೇಶಪುರ

ಉತ್ತರ: ನಾನಾದರೆ ಬಳಸುವುದಿಲ್ಲ. ಸಿಮ್ಯುಲೇಶನ್‌ನಲ್ಲಿ ನಿಯಮಗಳು ಕಣ್ಣೆದುರಿಗಿರುತ್ತವೆ, ತಿದ್ದಬಹುದು. ಮಾತಾಡುವ ಆ್ಯಪ್ ಯಾವ ಆಧಾರದಿಂದ ಯಾವ ಮಾತು ಹೇಳಿತೆಂದು ಶಿಕ್ಷಕರಿಗೂ ತಿಳಿಯುವುದಿಲ್ಲ. ಶಾಂತಲೆಯ ಬಗ್ಗೆ ನಮಗಿರುವ ಆಧಾರಗಳು ಶಾಸನಗಳು: ಶ್ರವಣಬೆಳಗೊಳದಲ್ಲಿ ಆಕೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ, ಆಕೆಯ ಬಿರುದುಗಳು, 1131ರಲ್ಲಿ ಶಿವಗಂಗೆಯಲ್ಲಿ ಆದ ಮರಣ. ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ಕಲ್ಲು ಹೇಳುವುದಿಲ್ಲ. ಆ ಬಸದಿಯ ಶಾಸನವನ್ನು ಮಕ್ಕಳಿಗೆ ಓದಿಸಿ.

ಪ್ರಶ್ನೆ: ನಮ್ಮ ಊರಿನ ಹಳೆಯ ಬದುಕಿಗೆ ಇಂಥ ಮಾದರಿ ಮಾಡಲು ಅಂಕಿ ಅಂಶ ಎಲ್ಲಿ ಸಿಗುತ್ತದೆ?
– ನಿವೃತ್ತ ಗ್ರಾಮಲೆಕ್ಕಿಗರು, ಕಡೂರು

ಉತ್ತರ: ತಾವು ಗ್ರಾಮಲೆಕ್ಕಿಗರಾಗಿದ್ದವರು, ಅರ್ಧ ಉತ್ತರ ತಮ್ಮ ಬಳಿಯೇ ಇದೆ. ಹಳೆಯ ಪಹಣಿ ಮತ್ತು ಗ್ರಾಮನಕ್ಷೆಗಳಲ್ಲಿ ಕೆರೆ, ಕಾಲುವೆ, ತರಿ (ನೀರಾವರಿ ಭೂಮಿ), ಖುಷ್ಕಿ (ಒಣ ಭೂಮಿ), ಬಾಗಾಯ್ತು (ತೋಟ) ಎಲ್ಲವೂ ಇವೆ. ಅದಕ್ಕೂ ಹಿಂದಿನ ಕಾಲಕ್ಕೆ ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಸಂಪುಟಗಳನ್ನು ನೋಡಬೇಕು: 1901ರ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಯದು, ಅಂದರೆ ಇಂದಿನ ಚಿಕ್ಕಮಗಳೂರಿನದು; 1902ರ ಐದನೆಯ ಸಂಪುಟ ಹಾಸನದ್ದು. ದತ್ತಿ ಕೊಟ್ಟ ಭೂಮಿ, ಕೆರೆಯ ದುರಸ್ತಿ, ಸುಂಕ, ತುರುಗೊಳ್‌ನಲ್ಲಿ (ದನಗಳನ್ನು ದೋಚುವ ಕಾಳಗದಲ್ಲಿ) ಮಡಿದವರ ವೀರಗಲ್ಲುಗಳು ಊರಿನ ಹೆಸರಿನೊಂದಿಗೆ ಅಲ್ಲಿ ಸಿಗುತ್ತವೆ. ಆದರೆ ಶಾಸನ ಬರೆಸಿದವರು ಕೊಡುವ ಶಕ್ತಿ ಇದ್ದವರು. ಗದ್ದೆಯಲ್ಲಿ ನಾಟಿ ಮಾಡಿದವರ ಲೆಕ್ಕ ಕಲ್ಲಿನ ಮೇಲೆ ಅಪರೂಪ. ಮಾದರಿಯಲ್ಲಿ ಅವರ ಸಾಲನ್ನು ಖಾಲಿ ಬಿಡದೆ ಅಂದಾಜಿನಿಂದಲಾದರೂ ತುಂಬಬೇಕು, ಅಂದಾಜೆಂದು ಗುರುತು ಹಾಕಬೇಕು.

ತೊಡಕು ಬರುವುದು ಅಳತೆಗಳಲ್ಲಿ. ಖಂಡುಗ, ಕೊಳಗ, ಮತ್ತರು, ಕಂಬ ಇವು ಕಾಲದಿಂದ ಕಾಲಕ್ಕೆ, ಊರಿಂದೂರಿಗೆ ಬೇರೆಯಾಗುತ್ತಿದ್ದವು. ಕೆಲವು ಶಾಸನಗಳು ಯಾವ ಗಳೆಯಲ್ಲಿ (ಅಳತೆಯ ಕೋಲಿನಲ್ಲಿ) ಅಳೆದದ್ದೆಂದು ಹೇಳಿದರೂ ಆ ಗಳೆಯ ಉದ್ದ ಹೇಳುವುದಿಲ್ಲ. ಇಂಥ ಕಡೆ ಒಂದೇ ಅಂಕಿಗೆ ಅಂಟಿಕೊಳ್ಳಬೇಡಿ. ಕನಿಷ್ಠ ಎಷ್ಟಿರಬಹುದು, ಗರಿಷ್ಠ ಎಷ್ಟಿರಬಹುದು ಎಂದು ಎರಡನ್ನೂ ಹಾಕಿ ಮಾದರಿಯನ್ನು ಎರಡು ಸಲ ಓಡಿಸಿ. ಎರಡರಲ್ಲೂ ಫಲಿತಾಂಶ ಒಂದೇ ದಿಕ್ಕಿನಲ್ಲಿದ್ದರೆ ಅಳತೆಯ ಜಗಳವನ್ನು ಸದ್ಯಕ್ಕೆ ಬದಿಗಿಡಬಹುದು. ಬೇರೆ ಬೇರೆ ದಿಕ್ಕಿನಲ್ಲಿದ್ದರೆ ಮುಂದಿನ ಕೆಲಸ ಕಂಪ್ಯೂಟರಿನ ಮುಂದೆ ಇಲ್ಲ. ಹಳೆಯ ಅಳತೆಯನ್ನು ಬಲ್ಲ ಶಾಸನತಜ್ಞರೊಬ್ಬರನ್ನು ಕಾಣಬೇಕು, ಇಲ್ಲವೇ ಅದೇ ಹೋಬಳಿಯ ಇನ್ನೊಂದು ಶಾಸನದಲ್ಲಿ ಅದೇ ಅಳತೆ ಎಲ್ಲಿ ಬಂದಿದೆಯೆಂದು ಹುಡುಕಬೇಕು.